ರಾಜನ ಸುತ್ತಲಿನ ಮನೆಗಳು

ಐದನೇ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ನಮ್ಮ ಕ್ಲಾಸಿನ ಅರ್ಧ ಜನ ಅಟೆಂಡೆನ್ಸ್ ಸಿಸ್ಟಮ್ ಮಾಡಿದರು, ಉಳಿದರ್ಧ ಜನ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಮಾಡಿದರು. ನಾನು ಮತ್ತು ನನ್ನ ರೂಮ್‌ಮೇಟ್ ಮಾತ್ರ ಚೆಸ್ ಎಂಜಿನ್ ಬರೀತೀವಿ ಅಂತ ಹೆಸರು ಕೊಟ್ಟು ಬಂದ್ವಿ. ಗೈಡ್ ಮೇಡಂ ಕನ್ನಡಕದ ಮೇಲಿಂದ ನೋಡಿ "ಆಗುತ್ತೇನ್ರೋ?" ಅಂದರು. "ಆಗುತ್ತೆ ಮ್ಯಾಮ್" ಅಂತ ಇಬ್ಬರೂ ಒಟ್ಟಿಗೇ ಹೇಳಿದ್ವಿ. ಆಗುತ್ತೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಅಟೆಂಡೆನ್ಸ್ ಸಿಸ್ಟಮ್ ಮಾಡೋಕೆ ಮನಸ್ಸಿರಲಿಲ್ಲ, ಅಷ್ಟೇ ಗೊತ್ತಿತ್ತು.

ನನ್ನ ರೂಮ್‌ಮೇಟ್ ಗದಗ ಕಡೆಯವನು. ಹೆಸರು ಹಾಕಬೇಡ ಅಂತ ಅವನೇ ಹೇಳಿದ್ದಾನೆ, ಹಾಗಾಗಿ ಹಾಕಿಲ್ಲ. ಈ ಬರಹವನ್ನು ಅವನು ಎರಡು ಸಲ ಓದಿ, ಒಂದು ಕಡೆ ಜಗಳ ಆಡಿ, ಕೊನೆಗೆ ಒಪ್ಪಿದ ಮೇಲೆಯೇ ಮ್ಯಾಗಜೀನ್‌ಗೆ ಕಳಿಸಿದ್ದೀನಿ. ಆ ಜಗಳ ಏನು ಅಂತ ಆಮೇಲೆ ಬರುತ್ತೆ.

ಚೆಸ್ ಎಂಜಿನ್ ಅಂದರೆ ದೊಡ್ಡ ಮಾಯಾಜಾಲ ಅಂದುಕೊಂಡವರಿಗೆ ಮೊದಲೇ ಹೇಳಿಬಿಡ್ತೀನಿ. ಅದರಲ್ಲಿ ಇರೋದು ಎರಡೇ ಕೆಲಸ. ಒಂದು ಹುಡುಕೋದು, ಇನ್ನೊಂದು ಅಳೆಯೋದು. ನಾನು ಹೀಗೆ ಆಡಿದರೆ ಅವನು ಹಾಗೆ ಆಡ್ತಾನೆ, ಆಗ ನಾನು ಹೀಗೆ ಆಡ್ತೀನಿ ಅಂತ ಮರದ ಕೊಂಬೆಗಳ ಥರ ಮುಂದೆ ಮುಂದೆ ಹೋಗೋದು ಹುಡುಕಾಟ. ಸೆಕೆಂಡ್ ಇಯರ್‌ನಲ್ಲಿ ಓದಿದ ಟ್ರೀ ಟ್ರಾವರ್ಸಲ್ ಕೊನೆಗೂ ಉಪಯೋಗಕ್ಕೆ ಬಂದಿದ್ದು ಇಲ್ಲಿಯೇ. ಆದರೆ ಮರ ಬೆಳೀತಾನೇ ಇರುತ್ತೆ, ಎಲ್ಲೋ ಒಂದು ಕಡೆ ನಿಲ್ಲಬೇಕು. ನಿಂತ ಜಾಗದಲ್ಲಿ ಬೋರ್ಡ್ ನೋಡಿ "ಬಿಳಿಗೆ ಚೆನ್ನಾಗಿದೆಯಾ, ಕಪ್ಪಿಗಾ?" ಅನ್ನೋದಕ್ಕೆ ಒಂದೇ ಒಂದು ಸಂಖ್ಯೆ ಕೊಡಬೇಕು. ಅದು ಅಳತೆ, ಇವ್ಯಾಲ್ಯುಯೇಷನ್. ಒಂದು ಕಾಲಾಳಿಗೆ 100 ಅಂತ ಲೆಕ್ಕ. ನಮ್ಮ ಎಂಜಿನ್ ಹಾಸ್ಟೆಲ್ ಲ್ಯಾಪ್‌ಟಾಪಿನಲ್ಲಿ ಎರಡೂ ಕಡೆಯದು ಸೇರಿ ಆರು ನಡೆ ಮುಂದೆ ನೋಡ್ತಿತ್ತು. ಏಳನೇ ನಡೆಗೆ ಏನಾಗುತ್ತೋ ಅದಕ್ಕೆ ಕತ್ತಲೆ. ಆ ಕತ್ತಲೆಯಲ್ಲಿ ಏನಿರಬಹುದು ಅಂತ ಈಗಲೇ ಊಹಿಸೋದು ಅಳತೆಯ ಕೆಲಸ.

1950ರಲ್ಲಿ ಕ್ಲಾಡ್ ಶಾನನ್ ಚೆಸ್ ಆಡುವ ಕಂಪ್ಯೂಟರ್ ಬಗ್ಗೆ ಒಂದು ಪೇಪರ್ ಬರೆದ. ಕಮ್ಯುನಿಕೇಷನ್ ಸಬ್ಜೆಕ್ಟಿನಲ್ಲಿ ನಮ್ಮನ್ನೆಲ್ಲ ಅಳಿಸಿದ ಶಾನನ್ ಇವನೇ. ಅದರಲ್ಲಿ ಒಂದು ಉದಾಹರಣೆ ಸೂತ್ರ ಇದೆ. ರಾಣಿಗೆ 9, ಆನೆಗೆ 5, ಒಂಟೆ ಕುದುರೆಗೆ 3, ಕಾಲಾಳಿಗೆ 1, ರಾಜನಿಗೆ 200. ಜೊತೆಗೆ ನಮ್ಮ ಹತ್ತಿರ ಎಷ್ಟು ನಡೆಗಳಿವೆಯೋ ಒಂದೊಂದಕ್ಕೂ 0.1. ನಾವು ಅದನ್ನೇ ಸಿ ಪ್ಲಸ್ ಪ್ಲಸ್‌ಗೆ ಇಳಿಸಿದ್ವಿ. ನಲವತ್ತು ಸಾಲು. ಕಂಪೈಲ್ ಆಯ್ತು. ಕುಣಿದಾಡಿದ್ವಿ.

ಮೊದಲ ಆಟ ರೂಮ್‌ಮೇಟ್ ಮತ್ತು ಎಂಜಿನ್ ಮಧ್ಯೆ. ಹತ್ತು ನಡೆ ಚೆನ್ನಾಗೇ ಆಡಿತು. ಎಲ್ಲರೂ ಕ್ಯಾಸ್ಲಿಂಗ್ ಮಾಡಿ ರಾಜನನ್ನು ಮೂಲೆಯಲ್ಲಿ ಕೂರಿಸೋ ಹೊತ್ತಿನಲ್ಲಿ ನಮ್ಮ ಎಂಜಿನ್ ರಾಜನನ್ನು ಡಿ2ಗೆ ತಂದಿತು. ಆಮೇಲೆ ಇ3ಗೆ. ಯುದ್ಧದ ಮಧ್ಯೆ ಮಹಾರಾಜರು ಸಂಜೆ ವಾಕಿಂಗ್ ಹೊರಟಿದ್ದರು. ಇಪ್ಪತ್ತನೇ ನಡೆಗೆ ಮೇಟ್. ರೂಮ್‌ಮೇಟ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಕಾರಣ ಹುಡುಕೋಕೆ ಎರಡು ದಿನ ಬೇಕಾಯ್ತು. ಬಗ್ ಇರಲಿಲ್ಲ. ನಾವು ಬರೆದಿದ್ದನ್ನೇ ಅದು ಪ್ರಾಮಾಣಿಕವಾಗಿ ಮಾಡ್ತಿತ್ತು. ಹೆಚ್ಚು ನಡೆ ಇದ್ದರೆ ಹೆಚ್ಚು ಅಂಕ ಅಂತ ಹೇಳಿದ್ವಿ. ಮೂಲೆಯಲ್ಲಿ ಕೂತ ರಾಜನಿಗೆ ಒಂದೋ ಎರಡೋ ನಡೆ, ಬಯಲಿನಲ್ಲಿ ನಿಂತ ರಾಜನಿಗೆ ಎಂಟು. ಲಾಭ ತಾನೇ? ಇನ್ನು ರಾಜನ ಬೆಲೆ 200 ಅನ್ನೋದು ಸತ್ತ ಮೇಲೆ ಉಪಯೋಗಕ್ಕೆ ಬರುವ ಮಾಹಿತಿ. ಸಾವು ಆರು ನಡೆಯ ಒಳಗೆ ಕಂಡರೆ ಎಂಜಿನ್ ಎಚ್ಚರ ಆಗುತ್ತೆ. ಹತ್ತು ನಡೆ ಆಚೆ ಇದ್ದರೆ 200 ಇದ್ದರೂ ಒಂದೇ, 2 ಲಕ್ಷ ಇದ್ದರೂ ಒಂದೇ. ರಾಜ ಎಷ್ಟು ಮುಖ್ಯ ಅಂತ ಅದಕ್ಕೆ ಗೊತ್ತಿತ್ತು, ರಾಜ ಅಪಾಯದಲ್ಲಿದ್ದಾನೆ ಅಂತ ಗೊತ್ತಾಗ್ತಿರಲಿಲ್ಲ. ಇವೆರಡೂ ಬೇರೆ ಬೇರೆ ವಿಷಯ ಅಂತ ನಮಗೂ ಅಲ್ಲಿವರೆಗೆ ಹೊಳೆದಿರಲಿಲ್ಲ.

ಇದಕ್ಕೆ ಪರಿಹಾರ ಹುಡುಕ್ತಾ ಹೋದಾಗ ಸಿಕ್ಕಿದವನು ಅಲನ್ ಟ್ಯೂರಿಂಗ್. 1948ರ ಹೊತ್ತಿಗೆ ಅವನೂ ಅವನ ಗೆಳೆಯ ಡೇವಿಡ್ ಚಾಂಪರ್‌ನೌನೂ ಸೇರಿ ಒಂದು ಚೆಸ್ ಪ್ರೋಗ್ರಾಂ ರೂಪಿಸಿದ್ದರು. ಓಡಿಸೋಕೆ ಕಂಪ್ಯೂಟರ್ ಇರಲಿಲ್ಲ. 1952ರಲ್ಲಿ ಟ್ಯೂರಿಂಗ್ ತಾನೇ ಪೇಪರ್ ಪೆನ್ನು ಹಿಡಿದು, ಒಂದೊಂದು ನಡೆಯನ್ನೂ ಕೈಯಾರೆ ಲೆಕ್ಕ ಹಾಕಿ, ಆಲಿಕ್ ಗ್ಲೆನಿ ಅನ್ನುವವನ ವಿರುದ್ಧ ಆಡಿ ಸೋತ. ಲ್ಯಾಬ್‌ನಲ್ಲಿ ಸಿಸ್ಟಮ್ ಸ್ಲೋ ಅಂತ ಗೊಣಗುವವರು ಇದನ್ನು ಗಮನಿಸಬೇಕು.

ಆ ಪ್ರೋಗ್ರಾಂನಲ್ಲಿ ರಾಜನ ಸುರಕ್ಷತೆಗೆ ಒಂದು ನಿಯಮ ಇದೆ, ಓದಿದಾಗ ಇಬ್ಬರೂ ಸುಮ್ಮನೆ ಮುಖ ಮುಖ ನೋಡಿಕೊಂಡ್ವಿ. ರಾಜ ನಿಂತಿರೋ ಮನೆಯಲ್ಲಿ ರಾಜನ ಬದಲು ಒಂದು ರಾಣಿ ನಿಂತಿದ್ದಾಳೆ ಅಂದುಕೋ. ಅವಳು ಎಷ್ಟು ಕಡೆ ಓಡಾಡಬಹುದು ಅಂತ ಲೆಕ್ಕ ಹಾಕು. ಅದಕ್ಕೆ ತಕ್ಕಷ್ಟು ಅಂಕ ಕಳೆ. ಅಷ್ಟೇ. ರಾಣಿ ಇಲ್ಲಿಂದ ಅಲ್ಲಿಗೆ ಹೋಗಬಹುದು ಅಂದರೆ ಅಲ್ಲಿರೋ ಶತ್ರು ರಾಣಿಯೂ ಇಲ್ಲಿಗೆ ಬರಬಹುದು! ಜಿ1ರಲ್ಲಿ ಕೂತು, ಪಕ್ಕದಲ್ಲಿ ಆನೆ, ಮುಂದೆ ಮೂರು ಕಾಲಾಳು ಇರೋ ರಾಜನ ಜಾಗದಲ್ಲಿ ರಾಣಿ ಇಟ್ಟರೆ ಅವಳಿಗೆ ಇರೋದು ಒಂದೇ ನಡೆ, ಎಚ್1. ಖಾಲಿ ಬೋರ್ಡಿನ ಮಧ್ಯೆ ಇಟ್ಟರೆ 27. ನಾವು ಯಾವುದಕ್ಕೆ ಬಹುಮಾನ ಕೊಡ್ತಿದ್ವೋ ಅದಕ್ಕೇ ಟ್ಯೂರಿಂಗ್ ದಂಡ ಹಾಕಿದ್ದ. ಒಂದು ಪ್ಲಸ್ ಚಿಹ್ನೆಯನ್ನು ಮೈನಸ್ ಮಾಡಿ ಸ್ವಲ್ಪ ಬದಲಾಯಿಸಿದ್ವಿ. ಮಹಾರಾಜರ ವಾಕಿಂಗ್ ನಿಂತಿತು.

ಆದರೆ ಟ್ಯೂರಿಂಗ್ ನಿಯಮ ನೋಡೋದು ಬಾಗಿಲು ತೆರೆದಿದೆಯಾ ಅಂತ. ಹೊರಗೆ ಕಳ್ಳ ಇದ್ದಾನಾ ಅಂತ ಅಲ್ಲ. ಎದುರಾಳಿಯ ರಾಣಿ, ಆನೆ ಎಲ್ಲ ಹೋದ ಮೇಲೂ ನಮ್ಮ ಎಂಜಿನ್ ರಾಜನನ್ನು ಮೂಲೆಯಲ್ಲಿ ಬಚ್ಚಿಟ್ಟುಕೊಂಡೇ ಇರ್ತಿತ್ತು. ಎಂಡ್‌ಗೇಮ್‌ನಲ್ಲಿ ರಾಜ ಹೊರಗೆ ಬಂದು ಕೆಲಸ ಮಾಡಬೇಕು, ಇಲ್ಲದಿದ್ದರೆ ಸೋಲು. ಅದಕ್ಕೆ ಒಂದು ಹಳೇ ಉಪಾಯ ಇದೆ. ಪ್ರತಿ ಸ್ಥಿತಿಗೂ ಎರಡು ಅಂಕ ಲೆಕ್ಕ ಹಾಕೋದು, ಮಧ್ಯದ ಆಟಕ್ಕೆ ಒಂದು, ಕೊನೆಯ ಆಟಕ್ಕೆ ಒಂದು. ಒಂಟೆ ಕುದುರೆಗೆ 1, ಆನೆಗೆ 2, ರಾಣಿಗೆ 4 ಅಂತ ಕೂಡಿಸಿದರೆ ಆಟದ ಶುರುವಿನಲ್ಲಿ ಒಟ್ಟು 24 ಆಗುತ್ತೆ. ಕಾಯಿ ಹೋದ ಹಾಗೆ ಆ 24 ಇಳೀತಾ ಹೋಗುತ್ತೆ, ಜೊತೆಗೆ ಮೊದಲನೇ ಅಂಕದಿಂದ ಎರಡನೇ ಅಂಕಕ್ಕೆ ನಿಧಾನವಾಗಿ ಜಾರೋದು. ಭಯ ಹಂತ ಹಂತವಾಗಿ ಕಮ್ಮಿ ಆಗುತ್ತೆ. ಒಂದೇ ಸಲ ಸ್ವಿಚ್ ಹಾಕಿದ ಹಾಗಲ್ಲ.

ಆಮೇಲೆ ರಾಜನ ಮುಂದಿನ ಕಾಲಾಳುಗಳ ಗೋಡೆಗೆ ಅಂಕ ಕೊಟ್ಟೆವು. ತಮ್ಮ ಜಾಗದಲ್ಲೇ ಇದ್ದರೆ ಪೂರ್ತಿ, ಒಂದು ಮನೆ ಮುಂದೆ ಹೋಗಿದ್ದರೆ ಅರ್ಧ, ಇಲ್ಲದೇ ಇದ್ದರೆ ದಂಡ. ಇಷ್ಟಾದ ಮೇಲೆ ಉಳಿದಿದ್ದು ನಿಜವಾದ ಪ್ರಶ್ನೆ: ಶತ್ರುಗಳು ಹತ್ತಿರ ಬಂದಿದ್ದಾರಾ?

ಇದಕ್ಕೆ ಎಲ್ಲರೂ ಮಾಡೋದು ಒಂದೇ ಥರ. ರಾಜನ ಸುತ್ತಲಿನ ಮನೆಗಳು, ಮುಂದೆ ಇನ್ನೂ ಮೂರು ಮನೆ, ಇವೆಲ್ಲ ಸೇರಿ ರಾಜನ ವಲಯ. ಎದುರಾಳಿಯ ಯಾವ ಕಾಯಿ ಈ ವಲಯದ ಎಷ್ಟು ಮನೆಗಳ ಮೇಲೆ ಕಣ್ಣಿಟ್ಟಿದೆ ಅಂತ ಎಣಿಸೋದು. ಕುದುರೆಗೆ ಮನೆಗೊಂದಕ್ಕೆ 20, ಒಂಟೆಗೆ 20, ಆನೆಗೆ 40, ರಾಣಿಗೆ 80. ಈ ಭಾಗ ಬರೆದಿದ್ದು ನಾನು. ಎಲ್ಲ ಕೂಡಿಸಿ ಕಳೆದುಬಿಟ್ಟೆ. ಸುಲಭ.

ಎಂಜಿನ್ ಪುಕ್ಕಲು ಆಯ್ತು. ಎದುರಾಳಿಯ ರಾಣಿ ಒಂಟಿಯಾಗಿ ಹತ್ತಿರ ಬಂದು ಮೂರು ಮನೆ ನೋಡಿದರೆ ಸಾಕು, 240 ಅಂಕ ಹೋಯ್ತು ಅಂತ ಗಾಬರಿಯಾಗಿ ಎರಡು ಕಾಲಾಳು ಕೊಟ್ಟಾದರೂ ಅವಳನ್ನು ಓಡಿಸೋಕೆ ನೋಡ್ತಿತ್ತು. ಸರಿ ಅಂತ ಎಲ್ಲ ಅಂಕ ಕಾಲು ಭಾಗ ಮಾಡಿದೆ. ಈಗ ಒಂಟಿ ರಾಣಿಗೆ ಹೆದರಲಿಲ್ಲ, ಆದರೆ ರಾಣಿ, ಒಂಟೆ, ಕುದುರೆ ಮೂರೂ ಸೇರಿ ಬಂದು ಬಾಗಿಲು ಒಡೆಯುವಾಗಲೂ ಆರಾಮಾಗಿ ಆ ಕಡೆ ಕಾಲಾಳು ತಿಂತಾ ಕೂತಿತ್ತು. ಒಂದು ಅಂಕೆ ಏರಿಸಿದರೆ ಅಲ್ಲಿ ತಪ್ಪು, ಇಳಿಸಿದರೆ ಇಲ್ಲಿ ತಪ್ಪು. ಒಂದು ವಾರ ಹೀಗೇ.

ಒಂದು ರಾತ್ರಿ ಒಂದು ಗಂಟೆಗೆ ರೂಮ್‌ಮೇಟ್ ಮಂಚದ ಮೇಲೆ ಮಲಗಿಕೊಂಡೇ ಹೇಳಿದ: "ಲೇ, ನೀ ಕೂಡಸಾಕತ್ತೀಯಲ್ಲ, ಅದs ತಪ್ಪು. ಒಬ್ಬಾಂವ ಬಂದ್ರ ಏನೂ ಆಗಂಗಿಲ್ಲ, ಬಾಗಲಾ ಬಡದು ಹೊಕ್ಕಾನ. ಇಬ್ಬರು ಬಂದ್ರ ಎದ್ದು ನೋಡಬೇಕು. ಮೂರು ಮಂದಿ ಬಂದ್ರ, ಮೂರನೇದಾಂವ ಎಷ್ಟು ಸಣ್ಣಾಂವ ಇದ್ರೂ, ಮನಿ ಬಿಟ್ಟು ಓಡಬೇಕು."

ಎದ್ದು ಬಂದು ಲ್ಯಾಪ್‌ಟಾಪ್ ಎಳೆದುಕೊಂಡ. ಎಷ್ಟು ಕಾಯಿಗಳು ದಾಳಿಯಲ್ಲಿ ಸೇರಿವೆ ಅನ್ನೋದಕ್ಕೆ ಒಂದು ಸಣ್ಣ ಟೇಬಲ್ ಹಾಕಿದ. ಒಂದು ಕಾಯಿ ಇದ್ದರೆ 0. ಎರಡಿದ್ದರೆ 50. ಮೂರಿದ್ದರೆ 75. ನಾಲ್ಕಿದ್ದರೆ 88. ಆಮೇಲೆ 94, 97, 99. ಒಟ್ಟು ಅಂಕವನ್ನು ಇದರಿಂದ ಗುಣಿಸಿ 100ರಿಂದ ಭಾಗಿಸೋದು. ಎಂಜಿನ್ ಬರೆಯುವವರಲ್ಲಿ ಇದು ಹಳೇ ಟೇಬಲ್, ಅವನು ಮಧ್ಯಾಹ್ನ ಎಲ್ಲೋ ಓದಿಕೊಂಡಿದ್ದನಂತೆ. ಆದರೆ ಯಾಕೆ ಹಾಗೆ ಅನ್ನೋದನ್ನು ಅವನಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಎಲ್ಲೂ ಓದಿಲ್ಲ.

ಲೆಕ್ಕ ಮಾಡಿ ನೋಡಿ. ರಾಣಿ ಮೂರು ಮನೆ ನೋಡ್ತಿದ್ದಾಳೆ, 240. ಒಬ್ಬಳೇ ಆದ್ದರಿಂದ ದಂಡ 0. ಒಂಟೆ ಬಂದು ಎರಡು ಮನೆ ನೋಡಿತು, ಒಟ್ಟು 280, ಅದರಲ್ಲಿ ಶೇಕಡಾ 50, ದಂಡ 140. ಈಗ ಒಂದು ಕುದುರೆ ಬಂದು ಒಂದೇ ಒಂದು ಮನೆ ನೋಡಿತು. ಅದರ ಸ್ವಂತ ಅಂಕ ಬರೀ 20. ಒಟ್ಟು 300, ಅದರಲ್ಲಿ ಶೇಕಡಾ 75, ದಂಡ 225. ಇಪ್ಪತ್ತರ ಕುದುರೆ ಬಂದಿದ್ದಕ್ಕೆ ಅಪಾಯ 85 ಏರಿತು. ನನ್ನ ಕೂಡಿಸುವ ಲೆಕ್ಕದಲ್ಲಿ ಇದು ಯಾವತ್ತೂ ಬರೋಕೆ ಸಾಧ್ಯ ಇರಲಿಲ್ಲ.

ಹಳೇ ಎಂಜಿನ್ನನ್ನೂ ಹೊಸದನ್ನೂ ಒಂದರ ವಿರುದ್ಧ ಒಂದು ರಾತ್ರಿಯಿಡೀ 200 ಆಟ ಆಡಲು ಬಿಟ್ಟು ಮಲಗಿದ್ವಿ. ಬೆಳಿಗ್ಗೆ ಎದ್ದಾಗ ಹೊಸದು ಆರಾಮಾಗಿ ಗೆದ್ದಿತ್ತು. ಆ ಟೇಬಲ್ಲೇ ಅವನು ಆ ಪ್ರಾಜೆಕ್ಟಿಗೆ ಬರೆದ ಕೊನೆಯ ಕೋಡ್.

ಅಕ್ಟೋಬರ್ ಕೊನೆಗೆ ಅವನು ಬೆಳಿಗ್ಗೆ ಮೆಸ್‌ಗೆ ಬರೋದು ಬಿಟ್ಟ. ನಿದ್ದೆಗೇಡಿ, ರಾತ್ರಿ ಲೇಟಾಗಿ ಮಲಗ್ತಾನೆ, ಅದಕ್ಕೇ ಅಂದುಕೊಂಡೆ. ನಾಲ್ಕನೇ ಸೆಮ್‌ನ ಎರಡು ಬ್ಯಾಕ್ ಇದ್ವು. ಯಾರಿಗಿಲ್ಲ ಬ್ಯಾಕು? ಮನೆಯಿಂದ ಫೋನ್ ಬಂದರೆ ಮೊದಲು ಕಾರಿಡಾರ್‌ಗೆ ಹೋಗಿ ಮಾತಾಡ್ತಿದ್ದ, ಆಮೇಲಾಮೇಲೆ ರಿಂಗ್ ಆಗೋದನ್ನೇ ನೋಡ್ತಾ ಕೂರ್ತಿದ್ದ. ಮನೆಯಲ್ಲಿ ಏನೋ ಕಿರಿಕಿರಿ ಇರಬೇಕು, ಕೇಳೋದು ಸರಿಯಲ್ಲ ಅಂದುಕೊಂಡೆ. ಸಂಜೆ ವಾಲಿಬಾಲ್ ನಿಲ್ಲಿಸಿದ. ಇಂಟರ್ನಲ್ಸ್ ಹತ್ತಿರ ಇದೆ, ಒಳ್ಳೇದೇ ಆಯ್ತು. ಸೋಮವಾರದ ಲ್ಯಾಬ್‌ಗೆ ಬರಲಿಲ್ಲ. ಪ್ರಾಕ್ಸಿ ಕೂಗಿದೆ.

ಒಂದೊಂದಕ್ಕೂ ನನ್ನ ಹತ್ತಿರ ಒಂದೊಂದು ಕಾರಣ ಇತ್ತು. ಒಂದೊಂದು ಕಾರಣವೂ ಬಿಡಿ ಬಿಡಿಯಾಗಿ ಸರಿಯಾಗೇ ಇತ್ತು. ನವೆಂಬರ್‌ನಲ್ಲಿ ಒಂದು ದಿನ ನಾನು ಕ್ಲಾಸಿನಿಂದ ಬಂದಾಗ ಅವನ ಹಾಸಿಗೆ ಸುತ್ತಿಟ್ಟಿತ್ತು. "ಊರಿಗೆ ಹೊಂಟೀನಿ, ರಿಪೋರ್ಟ್ ನೀ ಮುಗಸು" ಅಂತ ಒಂದು ಮೆಸೇಜ್. ಎರಡು ದಿನಕ್ಕೆ ಬರ್ತಾನೆ ಅಂದುಕೊಂಡೆ. ಅದಕ್ಕೂ ನಾನು ಸೊನ್ನೆ ಅಂಕವೇ ಕೊಟ್ಟೆ.

ವೈವಾಗೆ ಒಬ್ಬನೇ ತಯಾರಾಗಬೇಕಾಯ್ತು. ಎಕ್ಸ್‌ಟರ್ನಲ್ ಏನಾದರೂ ಕೇಳಿದರೆ ಇರಲಿ ಅಂತ ಸ್ಟಾಕ್‌ಫಿಶ್‌ನ ಹಳೇ ಆವೃತ್ತಿಯ ಕೋಡ್ ತೆಗೆದು ಓದಿದೆ. ಅದು ಓಪನ್ ಸೋರ್ಸ್, ಯಾರು ಬೇಕಾದರೂ ಓದಬಹುದು. ಅಲ್ಲಿ ನಮ್ಮ ಹಾಗೆ ಟೇಬಲ್ ಇರಲಿಲ್ಲ. ರಾಜನ ಸುತ್ತ ಎಷ್ಟು ಕಾಯಿ ದಾಳಿ ಮಾಡ್ತಿವೆ, ಎಷ್ಟು ಮನೆ ದುರ್ಬಲ, ಎದುರಾಳಿ ತನ್ನ ಕಾಯಿ ಕಳೆದುಕೊಳ್ಳದೇ ಎಲ್ಲಿಂದ ಚೆಕ್ ಕೊಡಬಹುದು, ಎಲ್ಲ ಸೇರಿಸಿ ಅಪಾಯ ಅಂತ ಒಂದು ಸಂಖ್ಯೆ. ಎದುರಾಳಿಗೆ ರಾಣಿ ಇಲ್ಲದಿದ್ದರೆ ಅದರಿಂದ ಒಂದೇ ಏಟಿಗೆ 873 ಕಳೀತಿದ್ದರು. ಕೊನೆಗೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 4096ರಿಂದ ಭಾಗಿಸೋದು. ಅಪಾಯ 500 ಇದ್ದರೆ ದಂಡ 61. 1000 ಇದ್ದರೆ 244. 2000 ಇದ್ದರೆ 976. ಅಪಾಯ ಎರಡು ಪಟ್ಟು ಆದರೆ ದಂಡ ನಾಲ್ಕು ಪಟ್ಟು. ರೂಮ್‌ಮೇಟ್ ಮಂಚದ ಮೇಲೆ ಮಲಗಿಕೊಂಡು ಹೇಳಿದ್ದನ್ನೇ ಇವರು ಒಂದು ವರ್ಗದಲ್ಲಿ ಬರೆದಿದ್ದರು.

ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ರಿಪೋರ್ಟ್ ತಿರುವಿ ಹಾಕಿ ಸರಿಯಾಗಿ ಆ ಪುಟಕ್ಕೇ ಬಂದು ನಿಂತರು. "ಈ ಟೇಬಲ್ ಯಾಕೆ ಹೀಗಿದೆ? ಒಂದಕ್ಕೆ ಸೊನ್ನೆ ಯಾಕೆ? ಸುಮ್ಮನೆ ಕೂಡಿಸಿದ್ದರೆ ಆಗ್ತಿರಲಿಲ್ವಾ?"

ಬೋರ್ಡ್ ಹತ್ತಿರ ಹೋಗಿ ಗ್ರಾಫ್ ಬರೆದೆ. "ಸರ್, ಒಂದೇ ಕಾಯಿ ಬಂದರೆ ಅದನ್ನು ನಿಭಾಯಿಸಬಹುದು, ಅದಕ್ಕೆ ಸೊನ್ನೆ. ಆದರೆ ಒಂದರ ಜೊತೆ ಇನ್ನೊಂದು ಸೇರಿದರೆ ಒಂದನ್ನು ತಡೆಯೋಕೆ ಹೋದಾಗ ಇನ್ನೊಂದು ಒಳಗೆ ಬರುತ್ತೆ. ಮೂರನೆಯದು ಎಷ್ಟು ಸಣ್ಣದಾದರೂ, ಬಿಡಿಯಾಗಿ ನೋಡಿದರೆ ಏನೂ ಅಲ್ಲ ಅನ್ನಿಸಿದರೂ…"

ಅಲ್ಲಿಗೆ ನಿಂತುಬಿಟ್ಟೆ. ಮೆಸ್, ಬ್ಯಾಕು, ಫೋನು, ವಾಲಿಬಾಲ್, ಲ್ಯಾಬ್. ಐದು. ಐದಕ್ಕೆ ಟೇಬಲ್ಲಿನಲ್ಲಿ 94. ಚಾಕ್ ಹಿಡಿದುಕೊಂಡು ಹಾಗೇ ನಿಂತಿದ್ದೆ. ಮರೆತುಹೋಯ್ತು ಅಂದುಕೊಂಡ ಸರ್ "ಪರವಾಗಿಲ್ಲ, ನೀರು ಕುಡಿ" ಅಂದರು. ನಂತರ ಏನು ಹೇಳಿದೆನೋ ನೆನಪಿಲ್ಲ. ಮಾರ್ಕ್ಸ್ ಚೆನ್ನಾಗೇ ಬಂತು, ಇಬ್ಬರಿಗೂ ಅಲ್ಲ, ನನಗೊಬ್ಬನಿಗೆ.

ಮೂರು ದಿನ ಫೋನ್ ಮಾಡಿದೆ, ಎತ್ತಲಿಲ್ಲ. ನಾಲ್ಕನೇ ದಿನ ರಾತ್ರಿ ಗದಗ ಬಸ್ ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಒಂದು ಟಂಟಂ. ಅವರ ಮನೆ ಪಡಸಾಲೆಯಲ್ಲಿ ಅವನ ಅಪ್ಪ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದರು. ಸೆಪ್ಟೆಂಬರ್‌ನಲ್ಲೇ ಬಿದ್ದಿದ್ದರಂತೆ. ಆ ವರ್ಷ ಈರುಳ್ಳಿಗೆ ದರ ಇರಲಿಲ್ಲ. ಫೀಸಿನ ಎರಡನೇ ಕಂತು ಬಾಕಿ. ಬ್ಯಾಕ್ ಇರೋ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಹೊಲದಲ್ಲಿ ಕೆಲಸ ಮಾಡೋರು ಯಾರೂ ಇಲ್ಲ, ಓದಿ ಏನು ಮಾಡೋದು ಅಂತ ಅವನೇ ಬಂದು ಕೂತಿದ್ದ.

ಅವನ ಅವ್ವ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಉಂಡು ಇಬ್ಬರೂ ಹೊಲದ ಬದುವಿನ ಮೇಲೆ ಕೂತ್ವಿ. "ಯಾಕ್ ಹೇಳಲಿಲ್ಲ?" ಅಂದೆ.

"ಏನಂತ ಹೇಳ್ಲಿ? ಅಪ್ಪನ ಕಾಲು ಮುರದತಿ ಅಂದ್ರ, ಕೂಡತಾವ ಬಿಡು ಅಂತಿದ್ರಿ. ಬ್ಯಾಕ್ ಅದಾವು ಅಂದ್ರ, ನನಗೂ ಅದಾವು ಅಂತಿದ್ರಿ. ಒಂದೊಂದು ಹೇಳಾಕ ಹ್ವಾದ್ರ ಒಂದೂ ದೊಡ್ಡದಲ್ಲ. ನನಗs ಹಂಗ ಅನಸ್ತಿತ್ತು."

ಕಥೆ ಸಿನಿಮಾ ಥರ ಮುಗಿಯಲಿಲ್ಲ. ಅವನಿಗೆ ಆ ವರ್ಷ ಹೋಯ್ತು. ಅಟೆಂಡೆನ್ಸ್ ಕಮ್ಮಿ ಆಗಿದ್ದಕ್ಕೆ ಪರೀಕ್ಷೆಗೆ ಕೂರಿಸಲಿಲ್ಲ. ಆದರೆ ಗೈಡ್ ಮೇಡಂ ಆಫೀಸಿಗೆ ಅವರೇ ಓಡಾಡಿ ಫೀಸನ್ನು ಸಣ್ಣ ಕಂತುಗಳಲ್ಲಿ ಕಟ್ಟಲು ಒಪ್ಪಿಸಿದರು. ಅವನ ಅಪ್ಪ ಕೋಲು ಹಿಡಿದು ನಡೆಯೋ ಹಾಗಾದರು. ಮುಂದಿನ ವರ್ಷ ಅವನು ವಾಪಸ್ ಬಂದ, ನಮ್ಮ ಜೂನಿಯರ್‌ಗಳ ಜೊತೆ ಕೂತ. ಎರಡೂ ಬ್ಯಾಕ್ ತೆಗೆದ. ಈಗ ನಾನು ಕೊನೇ ಸೆಮ್, ಅವನು ಆರನೇ ಸೆಮ್. ಬೇರೆ ರೂಮ್, ಒಂದೇ ಫ್ಲೋರ್.

ಅವನು ಬಂದ ಮೇಲೆ ಎಂಜಿನ್ ಧೂಳು ಕೊಡವಿದ್ವಿ. ಈ ಮಧ್ಯೆ ಪ್ರಪಂಚ ಎಲ್ಲಿಗೆ ಹೋಗಿದೆ ಅಂತ ನೋಡಿದರೆ, ನಾವು ಒದ್ದಾಡಿ ಬರೆದ ಥರದ ಫಂಕ್ಷನ್ನೇ ಈಗ ದೊಡ್ಡ ಎಂಜಿನ್‌ಗಳಲ್ಲಿ ಇಲ್ಲ! 2018ರಲ್ಲಿ ಜಪಾನಿನ ಯು ನಾಸು ಅನ್ನುವವರು ಶೋಗಿ ಆಟಕ್ಕೆ ಅಂತ ಎನ್‌ಎನ್‌ಯುಇ ಎಂಬ ಸಣ್ಣ ನ್ಯೂರಲ್ ನೆಟ್‌ವರ್ಕ್ ಮಾಡಿದರು. 2020ರ ಸೆಪ್ಟೆಂಬರ್‌ನಲ್ಲಿ ಬಂದ ಸ್ಟಾಕ್‌ಫಿಶ್ 12 ಅದನ್ನು ಸೇರಿಸಿಕೊಂಡಿತು. 2024ರ ಫೆಬ್ರವರಿಯ 16.1 ಆವೃತ್ತಿಯಲ್ಲಿ ಮನುಷ್ಯರು ಕೈಯಾರೆ ಬರೆದಿದ್ದ ಅಳತೆಯನ್ನು ಪೂರ್ತಿ ತೆಗೆದೇಬಿಟ್ಟರು. ವರ್ಗ, 4096, 873, ಎಲ್ಲ ಹೋಯ್ತು.

ಹಾಗಂತ ರಾಜ ಹೋಗಲಿಲ್ಲ. ಆ ಮೊದಲ ನೆಟ್‌ವರ್ಕಿನ ಇನ್‌ಪುಟ್ ನೋಡಿ. ಕುದುರೆ ಈ ಮನೆಯಲ್ಲಿದೆ ಅಂತ ಅದಕ್ಕೆ ಹೇಳೋದಿಲ್ಲ. ರಾಜ ಇಲ್ಲಿರುವಾಗ ಕುದುರೆ ಅಲ್ಲಿದೆ ಅಂತ ಹೇಳ್ತಾರೆ. ರಾಜನಿಗೆ 64 ಮನೆ, ಉಳಿದ ಹತ್ತು ಥರದ ಕಾಯಿಗಳಿಗೆ ತಲಾ 64 ಮನೆ, ಗುಣಿಸಿದರೆ 40,960 ಇನ್‌ಪುಟ್. ಪ್ರತಿಯೊಂದು ಕಾಯಿಯನ್ನೂ ರಾಜ ನಿಂತ ಜಾಗದಿಂದಲೇ ನೋಡೋದು. ಕುದುರೆ ನಡೆದರೆ ಲೆಕ್ಕದಲ್ಲಿ ಒಂದೆರಡು ಸಾಲು ಬದಲಿಸಿದರೆ ಸಾಕು, ಅದಕ್ಕೇ ಅದು ಅಷ್ಟು ವೇಗ. ಆದರೆ ರಾಜ ಒಂದು ಮನೆ ಜರುಗಿದರೂ ಅವನ ಕಡೆಯ ಲೆಕ್ಕ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ರಾಜನ ಸುರಕ್ಷತೆ ಅಂತ ಪ್ರತ್ಯೇಕ ಫಂಕ್ಷನ್ ಇಲ್ಲ, ಯಾಕೆಂದರೆ ಎಲ್ಲದರಲ್ಲೂ ಅದೇ ಇದೆ.

ನಾನು ಈ ಬರಹದ ಮೊದಲ ಕರಡಿನಲ್ಲಿ ಇಲ್ಲಿಗೆ ಬಂದು, "ನಾವೂ ಗೆಳೆಯರನ್ನು ಹೀಗೆ ಟೇಬಲ್ ಹಾಕಿ ನೋಡಬೇಕು" ಅಂತ ಉಪದೇಶ ಬರೆದು ಮುಗಿಸಿದ್ದೆ. ಜಗಳ ಆಗಿದ್ದು ಅಲ್ಲೇ.

ರೂಮ್‌ಮೇಟ್ ಮೊದಲು 1991ರ ಟಿಲ್‌ಬರ್ಗ್ ಆಟ ತೆಗೆದ. ನೈಜಲ್ ಶಾರ್ಟ್, ಯಾನ್ ಟಿಮ್ಮನ್. ಬೋರ್ಡ್ ಮೇಲೆ ಎರಡೂ ಕಡೆ ರಾಣಿ ಇದ್ದಾರೆ, ಆನೆಗಳಿವೆ. ಶಾರ್ಟ್ ತನ್ನ ರಾಜನನ್ನು ಜಿ1ರಿಂದ ಎಚ್2, ಜಿ3, ಎಫ್4, ಜಿ5 ಅಂತ ನೇರ ಶತ್ರುವಿನ ಮನೆಗೇ ನಡೆಸಿಕೊಂಡು ಹೋದ. 34ನೇ ನಡೆಗೆ ಟಿಮ್ಮನ್ ಸೋಲೊಪ್ಪಿಕೊಂಡ. ರಾಜನೇ ಎಚ್6ಕ್ಕೆ ಬಂದು ರಾಣಿಗೆ ಬೆಂಬಲ ಕೊಟ್ಟು ಮೇಟ್ ಮಾಡಿಸೋದಿತ್ತು. "ನಿನ್ನ ಟೇಬಲ್ ಇದನ್ನ ನೋಡಿ ಅಂವ ಸತ್ತ ಅಂತಿತ್ತು" ಅಂದ. ಹೌದು, ನಡೆದುಕೊಂಡು ಹೋಗೋ ರಾಜನನ್ನು ಬರೀ ಅಳತೆ ನೋಡಿ ಹೆದರುತ್ತೆ, ಹುಡುಕಾಟ ಮುಂದೆ ಹೋಗಿ ನೋಡಿದರೆ ಮಾತ್ರ ಅವನು ಗೆಲ್ಲೋಕೆ ಹೊರಟಿದ್ದಾನೆ ಅಂತ ಗೊತ್ತಾಗುತ್ತೆ.

"ಇನ್ನೊಂದು," ಅಂದ. "ಚೆಸ್‌ನ್ಯಾಗ ಎಲ್ಲಾ ಬೋರ್ಡ್ ಮ್ಯಾಲ ಕಾಣ್ತದ. ನಂದು ನಿನಗ ಕಾಣ್ತಿರಲಿಲ್ಲ. ನಾನs ಮುಚ್ಚಿ ಇಟ್ಟಿದ್ದೆ. ಅದಕ್ಕ ನೀ ತಪ್ಪು ನಿಂದs ಅಂತ ಬರೀಬ್ಯಾಡ."

ಮಾತು ನಿಜ. ಆದರೂ ನಾನು ಪೂರ್ತಿ ಒಪ್ಪಲಿಲ್ಲ. ಅಪ್ಪನ ಕಾಲು, ಈರುಳ್ಳಿ ದರ ನನಗೆ ಕಂಡಿರಲಿಲ್ಲ, ಸರಿ. ಆದರೆ ಖಾಲಿ ತಟ್ಟೆ ಕಂಡಿತ್ತು. ರಿಂಗ್ ಆಗ್ತಿದ್ದ ಫೋನ್ ಕಂಡಿತ್ತು. ಎರಡು ಕಂಡಿದ್ದರೆ ಎದ್ದು ನೋಡಬೇಕು ಅಂತ ಅವನೇ ಹೇಳಿದ್ದನಲ್ಲ.

ವಾದ ಮುಗೀಲಿಲ್ಲ ಅಂತ ಒಂದು ಪ್ರಯೋಗ ಮಾಡಿದ್ವಿ. ಟೇಬಲ್ಲಿನ ಆ ಮೊದಲ ಸೊನ್ನೆಯನ್ನು ತೆಗೆದು 10 ಹಾಕಿದ್ವಿ. ಒಂದೇ ಕಾಯಿ ಬಂದರೂ ಸ್ವಲ್ಪ ಹೆದರಲಿ ಅಂತ. ರಾತ್ರಿ 200 ಆಟ. ಬೆಳಿಗ್ಗೆ ನೋಡಿದರೆ 10 ಹಾಕಿದ ಎಂಜಿನ್ ಸೋತಿತ್ತು. ಸುಮ್ಮಸುಮ್ಮನೆ ಹೆದರಿ ನಡೆ ಹಾಳು ಮಾಡಿಕೊಂಡಿತ್ತು. ಚೆಸ್‌ನಲ್ಲಿ ಸುಳ್ಳು ಗಾಬರಿಗೆ ಒಂದು ನಡೆ ಖರ್ಚಾಗುತ್ತೆ, ಆ ಒಂದು ನಡೆ ಬಹಳ ದುಬಾರಿ. ಹಾಗಾಗಿ ವಾಪಸ್ ಸೊನ್ನೆ ಹಾಕಿ ಸೇವ್ ಮಾಡಿದ್ವಿ. ಎಂಜಿನ್‌ನಲ್ಲಿ ಸೊನ್ನೆಯೇ ಸರಿ.

ಹಾಸ್ಟೆಲ್ ಲೆಕ್ಕ ಬೇರೆ. ಇಲ್ಲಿ ಸುಳ್ಳು ಗಾಬರಿಗೆ ಖರ್ಚಾಗೋದು ಎರಡು ಟೀ, ಗೇಟ್ ಪಕ್ಕದ ಅಂಗಡಿಯಲ್ಲಿ 24 ರೂಪಾಯಿ. ನಮ್ಮ ಫ್ಲೋರ್‌ನಲ್ಲಿ ಯಾರಾದರೂ ಎರಡು ದಿನ ಮೆಸ್‌ನಲ್ಲಿ ಕಾಣದಿದ್ದರೆ ಈಗ ನಮ್ಮಿಬ್ಬರಲ್ಲಿ ಒಬ್ಬರು ಹೋಗಿ ಬಾಗಿಲು ಬಡೀತೀವಿ. ಹತ್ತರಲ್ಲಿ ಒಂಬತ್ತು ಸಲ ಹುಡುಗ ನಿದ್ದೆಗಣ್ಣಲ್ಲಿ ಬಂದು "ಏನ್ ಗುರು, ರಾತ್ರಿಯೆಲ್ಲ ಸೀರೀಸ್ ನೋಡಿದೆ, ಬಿಡು" ಅಂತ ಬೈತಾನೆ. ಬೈಸಿಕೊಂಡು ಬರ್ತೀವಿ.

ಭಾನುವಾರ ಮಧ್ಯಾಹ್ನ ಮೆಸ್ ಖಾಲಿ ಆದ ಮೇಲೆ ನಾವಿಬ್ಬರೂ ಅಲ್ಲೇ ಬೋರ್ಡ್ ಹಾಕಿ ಆಡ್ತೀವಿ, ಎಂಜಿನ್ ಇಲ್ಲದೆ. ಇಷ್ಟೆಲ್ಲ ಕಲಿತ ಮೇಲೂ ಅವನು ಹದಿನೈದನೇ ನಡೆವರೆಗೆ ಕ್ಯಾಸ್ಲಿಂಗ್ ಮಾಡೋದಿಲ್ಲ. ಮಾಡೋ ಮಾರಾಯ ಅಂದರೆ "ನೀ ಅದಿಯಲ್ಲ ನೋಡಾಕ" ಅಂತಾನೆ. ಹೋದ ವಾರ ಅದಕ್ಕೇ ಸೋತ.